‘ಉಪಕಾರ’ ಎನ್ನದ ಕೃತಜ್ಞತಾಪತ್ರ: ಫಿಲಿಪ್ಪಿಯರಿಗೆ 4:10–20ರ ಒಂದು ಮರುಓದು

ಪ್ರೇಷಿತ ಪೌಲರು ಫಿಲಿಪ್ಪಿಯ ಧರ್ಮಸಭೆಗೆ ಬರೆದ ಪತ್ರಕ್ಕೆ ‘ಆನಂದದ ಪತ್ರ’ ಎಂಬ ಹೆಸರು ಬಹುಕಾಲದಿಂದ ಅಂಟಿಕೊಂಡಿದೆ. ಹೆಸರು ನಿರಾಧಾರವಾದುದಲ್ಲ. ನಾಲ್ಕು ಅಧ್ಯಾಯ, 104 ವಚನಗಳ ಈ ಕಿರುಪತ್ರದಲ್ಲಿ ಆನಂದವನ್ನು ಸೂಚಿಸುವ ‘ಖರಾ’ ಎಂಬ ಗ್ರೀಕ್ ನಾಮಪದ 5 ಬಾರಿ, ‘ಖೈರೊ’ ಎಂಬ ಕ್ರಿಯಾಪದ 9 ಬಾರಿ, ‘ಜೊತೆಗೂಡಿ ಆನಂದಿಸು’ ಎಂಬರ್ಥದ ಅದರ ಸಂಯುಕ್ತರೂಪ 2 ಬಾರಿ ಬರುತ್ತವೆ. ಬರೆದವರು ಸೆರೆಯಲ್ಲಿದ್ದಾರೆ, ತೀರ್ಪು ಏನಾಗುವುದೋ ತಿಳಿಯದು, ಆದರೂ ಆನಂದಿಸಿರೆಂದು ಹೇಳುತ್ತಾರೆ, ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಆಗಮನಕಾಲದ ಮೂರನೆಯ ಭಾನುವಾರಕ್ಕೆ ‘ಗೌದೇತೆ’ ಎಂಬ ಹೆಸರು ಬಂದಿರುವುದು ಈ ಮಾತಿನಿಂದಲೇ. 1975ರ ಮೇ 9ರಂದು ವಿಶ್ವಗುರು ಆರನೆಯ ಪೌಲರು ಕ್ರೈಸ್ತ ಆನಂದವನ್ನು ಕುರಿತು ಹೊರಡಿಸಿದ ಪ್ರೇಷಿತ ಉಪದೇಶಪತ್ರಕ್ಕೂ ಇದೇ ಮಾತು ಶೀರ್ಷಿಕೆಯಾಗಿದೆ.

ಆದರೆ ಪತ್ರದ ಕೊನೆಯಲ್ಲಿ ಒಂದು ವಿಚಿತ್ರವಿದೆ. ಫಿಲಿಪ್ಪಿಯವರು ಎಪಫ್ರೊದಿತನ ಕೈಯಲ್ಲಿ ಸೆರೆಮನೆಗೆ ನೆರವು ಕಳುಹಿಸಿದ್ದರು. ಅದು ತಲುಪಿತೆಂದು ತಿಳಿಸುವುದು ಈ ಪತ್ರದ ಉದ್ದೇಶಗಳಲ್ಲೊಂದು. ಆ ಮಾತು ಬರುವ 4:10ರಿಂದ 20ರವರೆಗಿನ ಹನ್ನೊಂದು ವಚನಗಳಲ್ಲಿ ‘ಕೃತಜ್ಞತೆ ಸಲ್ಲಿಸು’ ಎಂಬರ್ಥದ ‘ಯೂಖರಿಸ್ತೆಯೊ’ ಎಂಬ ಕ್ರಿಯಾಪದ ಒಮ್ಮೆಯೂ ಇಲ್ಲ. ಪತ್ರದ ಆರಂಭದಲ್ಲಿ, 1:3ರಲ್ಲಿ, ಅದು ಇದೆ. ಆದರೆ ಅಲ್ಲಿ ಕೃತಜ್ಞತೆ ಸಲ್ಲುವುದು ದೇವರಿಗೆ. 4:6ರಲ್ಲಿ ಅದರ ನಾಮರೂಪವಿದೆ. ಅಲ್ಲಿಯೂ ಅದು ಪ್ರಾರ್ಥನೆಯ ಮಾತು. ಹಣ ಕೊಟ್ಟವರ ಮುಖ ನೋಡಿ ‘ನಿಮ್ಮಿಂದ ಉಪಕಾರವಾಯಿತು’ ಎಂದು ಹೇಳಬೇಕಾದ ಎಡೆಯಲ್ಲಿ ಪೌಲರ ಲೇಖನಿ ಬೇರೆ ಮಾತಿಗೆ ಹೊರಳುತ್ತದೆ. ‘ಕೃತಜ್ಞತೆಯಿಲ್ಲದ ಕೃತಜ್ಞತೆ’ ಎಂದು ವ್ಯಾಖ್ಯಾನಕಾರರು ಇದನ್ನು ಕರೆದು, ಪೌಲರಿಗೆ ಹಣದ ವಿಚಾರದಲ್ಲಿ ಮುಜುಗರವಿತ್ತೆಂದೂ, ಸಹಾಯ ತಡವಾಗಿ ಬಂದದ್ದಕ್ಕೆ ಬೇಸರವಿತ್ತೆಂದೂ ಊಹಿಸಿದ್ದುಂಟು. ನನಗೆ ಈ ಊಹೆಗಳು ಸಾಲವು. ಈ ಮೌನವೇ ಪತ್ರದ ಬೀಗದಕೈ. ಇದನ್ನು ಕೈಬಿಟ್ಟು ನಾವು ಬೋಧಿಸುತ್ತಿರುವ ಆನಂದವೂ ಕೃತಜ್ಞತೆಯೂ ಪೌಲರದ್ದಲ್ಲ, ಮತ್ತು ಅದರಿಂದ ನಮ್ಮ ಸಭೆಯ ಬಡವರಿಗೆ ಹಾನಿಯಾಗಿದೆ ಎಂಬುದು ಈ ಲೇಖನದ ವಾದ.

ಈ ವಾದ ನನ್ನಲ್ಲಿ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ. ಗುರುದೀಕ್ಷೆಯಾದ ಎರಡನೆಯ ವರ್ಷ, ಮಲೆನಾಡಿನ ಕಾಫಿ ತೋಟಗಳ ನಡುವಿನ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಒಂದು ಭಾನುವಾರ, ಎಲ್ಲ ಸಂದರ್ಭಗಳಲ್ಲಿಯೂ ಕೃತಜ್ಞರಾಗಿರಬೇಕೆಂದು ಪೌಲರು ಥೆಸಲೋನಿಯರಿಗೆ ಹೇಳಿದ ಮಾತನ್ನು ಹಿಡಿದು ಬಹಳ ಉತ್ಸಾಹದಿಂದ ಪ್ರಬೋಧನೆ ಮಾಡಿದೆ. ಪೂಜೆ ಮುಗಿದ ಮೇಲೆ ತೋಟದ ಲೈನು ಮನೆಯಲ್ಲಿದ್ದ ಒಬ್ಬ ತಾಯಿ ಬಾಗಿಲ ಬಳಿ ನಿಂತಿದ್ದರು. ಅವರು ಕೇಳಿದ್ದು ಇಷ್ಟು: “ಸಾಮಿ, ಎಲ್ಲಾದಕ್ಕೂ ಉಪಕಾರ ನೆನೀಬೇಕು ಅಂದ್ರಲ್ಲ. ದೇವ್ರಿಗೆ ನೆನೀತೀನಿ. ಸಾವ್ಕಾರ್ರಿಗೂ ನೆನೀಬೇಕಾ? ಮಗಳ ಮದ್ವೆಗೆ ಅವ್ರೇ ಕೊಟ್ಟಿದ್ದು. ಆ ಋಣಕ್ಕೇ ಮಗ ಇಸ್ಕೂಲು ಬಿಟ್ಟು ತ್ವಾಟದಲ್ಲೇ ಇದಾನೆ. ಎರಡೂ ಋಣ ಒಂದೇನಾ ಸಾಮಿ?” ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ನಾನು ದೇವರ ಚಿತ್ತದ ಬಗ್ಗೆ ಏನೋ ಹೇಳಿ, ಮಗುವಿನ ತಲೆ ಮುಟ್ಟಿ ಆಶೀರ್ವದಿಸಿ ಕಳುಹಿಸಿದೆ. ಅವರ ಪ್ರಶ್ನೆಗೆ ಪೌಲರಲ್ಲಿ ಉತ್ತರವಿತ್ತೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಫಿಲಿಪ್ಪಿಯರ ಪತ್ರವನ್ನು ಪಾಠ ಹೇಳಬೇಕಾಗಿ ಬಂದಾಗ.

ಅಷ್ಟು ತಡವಾದದ್ದಕ್ಕೆ ನನ್ನ ಮಂದಮತಿಯ ಜೊತೆಗೆ ಇನ್ನೊಂದು ಕಾರಣವೂ ಇದೆ. ನಮ್ಮ ವಾಚನಗ್ರಂಥದಲ್ಲಿ ಈ ಭಾಗ ಭಾನುವಾರದ ಪೂಜೆಗೆ ಬರುವುದು ಮೂರು ವರ್ಷಕ್ಕೊಮ್ಮೆ, ‘ಎ’ ವರ್ಷದ ಸಾಧಾರಣ ಕಾಲದ 28ನೆಯ ಭಾನುವಾರ. ಅಂದು ಓದುವುದು 4:12ರಿಂದ 14, ಅನಂತರ 19 ಮತ್ತು 20. ಎಂದರೆ 15ರಿಂದ 18ರವರೆಗಿನ ನಾಲ್ಕು ವಚನಗಳನ್ನು ಕತ್ತರಿಸಲಾಗಿದೆ. ಆ ನಾಲ್ಕರಲ್ಲಿಯೇ ಲೆಕ್ಕಪುಸ್ತಕವಿದೆ, ರಸೀದಿಯಿದೆ, ಬಲಿಯಿದೆ. ಸಮ ವರ್ಷಗಳಲ್ಲಿ 31ನೆಯ ವಾರದ ಶನಿವಾರ 10ರಿಂದ 19ರವರೆಗೆ ಬಹುಮಟ್ಟಿಗೆ ಪೂರ್ತಿಯಾಗಿ ಓದುವುದುಂಟು. ಶನಿವಾರದ ಬೆಳಗಿನ ಪೂಜೆಗೆ ಎಷ್ಟು ಮಂದಿ ಬರುತ್ತಾರೆಂಬುದು ಓದುಗರಾದ ಗುರುಗಳಿಗೆ ನಾನು ಹೇಳಬೇಕಾದದ್ದಿಲ್ಲ. ಭಾನುವಾರದ ಭಕ್ತರು ಕೇಳಿಸಿಕೊಳ್ಳುವುದು ಎರಡನ್ನು ಮಾತ್ರ: ಹಸಿವಿನಲ್ಲಿಯೂ ತೃಪ್ತನಾಗಿರಲು ಕಲಿತಿದ್ದೇನೆಂಬ ಪೌಲರ ಮಾತು, ದೇವರು ನಿಮ್ಮ ಕೊರತೆಯನ್ನೆಲ್ಲ ನೀಗಿಸುವರೆಂಬ ಭರವಸೆ. ಬಡತನವನ್ನು ಸಹಿಸಿಕೊಳ್ಳಿ, ದೇವರು ನೋಡಿಕೊಳ್ಳುತ್ತಾರೆ ಎಂಬ ಪ್ರಬೋಧನೆಗೆ ಇದಕ್ಕಿಂತ ಅನುಕೂಲವಾದ ಕತ್ತರಿಕೆ ಇನ್ನೊಂದು ಸಿಗಲಾರದು. ಹೀಗೆ ಸಂಯೋಜಿಸಿದವರ ಉದ್ದೇಶ ಅದಾಗಿತ್ತೆಂದು ನಾನು ಹೇಳುತ್ತಿಲ್ಲ. ಫಲವಂತೂ ಅದೇ ಆಗಿದೆ.

ಇನ್ನು ಪಠ್ಯವನ್ನು ನೋಡೋಣ. ಹತ್ತನೆಯ ವಚನದಲ್ಲಿ ಪೌಲರು ಹೇಳುವ ಮೊದಲ ಮಾತು ‘ಕೃತಜ್ಞನಾಗಿದ್ದೇನೆ’ ಎಂದಲ್ಲ, ‘ಪ್ರಭುವಿನಲ್ಲಿ ಬಹಳವಾಗಿ ಆನಂದಪಟ್ಟೆ’ ಎಂಬ ತಾತ್ಪರ್ಯದ್ದು. ಕೃತಜ್ಞತೆಯ ಕ್ರಿಯಾಪದ ಇರಬೇಕಾದ ಜಾಗದಲ್ಲಿ ಆನಂದದ ಕ್ರಿಯಾಪದ ಬಂದು ಕುಳಿತಿದೆ. ಒಣಗಿದ ಗಿಡ ಮತ್ತೆ ಚಿಗುರುವುದಕ್ಕೆ ಬಳಸುವ ಪದದಿಂದ ಅವರ ಕಾಳಜಿಯನ್ನು ವರ್ಣಿಸುತ್ತಾರೆ. ಆ ಮಾತಿನಲ್ಲಿ ದೂರಿನ ಧ್ವನಿ ಕೇಳಿಸೀತೆಂದು ಒಡನೆಯೇ ತಿದ್ದಿಕೊಂಡು, ನಿಮಗೆ ಕಾಳಜಿ ಮೊದಲೂ ಇತ್ತು, ಅವಕಾಶವಿರಲಿಲ್ಲ ಎನ್ನುತ್ತಾರೆ. ಅನಂತರ ಎರಡು ಬಾರಿ, 11ನೆಯ ಮತ್ತು 17ನೆಯ ವಚನಗಳಲ್ಲಿ, ‘ಹಾಗೆಂದಲ್ಲ’ ಎಂದು ತಮ್ಮ ಮಾತನ್ನು ತಾವೇ ತಡೆಯುತ್ತಾರೆ: ಕೊರತೆಯಿಂದ ಹೇಳುತ್ತಿಲ್ಲ, ಕೊಡುಗೆಯನ್ನು ಬಯಸಿ ಹೇಳುತ್ತಿಲ್ಲ. ಹೆಜ್ಜೆ ಇಟ್ಟು, ಹಿಂದೆಗೆದು, ಮತ್ತೆ ಇಡುವ ಈ ಎಚ್ಚರ ಏಕೆ?

ರೋಮನ್ ಸಾಮ್ರಾಜ್ಯದ ನಗರಜೀವನದಲ್ಲಿ ಕೊಡುಗೆ ಎಂಬುದು ಬರಿಯ ಕೊಡುಗೆಯಾಗಿರಲಿಲ್ಲ. ಕೊಟ್ಟವನು ಆಶ್ರಯದಾತ, ಪಡೆದವನು ಆಶ್ರಿತ. ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳುವುದೆಂದರೆ ‘ನಾನು ನಿಮ್ಮವನು, ಇನ್ನು ನಿಮ್ಮ ಮಾತು ಮೀರುವವನಲ್ಲ’ ಎಂದು ಒಪ್ಪಿಕೊಳ್ಳುವುದು. ಪೌಲರ ಸಮಕಾಲೀನನಾದ ಸೆನೆಕ ಉಪಕಾರಗಳನ್ನು ಕುರಿತೇ ಏಳು ಸಂಪುಟಗಳನ್ನು ಬರೆದ. ಅಲ್ಲಿ ಕೃತಜ್ಞತೆಯ ಭಾಷೆಯೂ ಸಾಲದ ಭಾಷೆಯೂ ಹೆಣೆದುಕೊಂಡಿವೆ. ಸಂತೋಷದಿಂದ ಸ್ವೀಕರಿಸಿದವನು ಮೊದಲ ಕಂತು ತೀರಿಸಿದಂತೆಯೇ ಎಂದು ಆತ ಬಗೆಯುತ್ತಾನೆ. ಕಂತು ಎಂದ ಮೇಲೆ ಮುಂದಿನ ಕಂತುಗಳೂ ಇವೆಯೆಂದಾಯಿತು! ಸೆನೆಕನ ಬಗ್ಗೆ ನನಗೆ ಗೌರವವಿದೆ. ಕೊಡುವವನು ಮರೆಯಬೇಕು, ಪಡೆದವನು ನೆನೆಯಬೇಕು ಎಂಬ ಅವನ ವಿವೇಕ ನಮ್ಮ ಅನೇಕ ದಾನಿಗಳಿಗೆ ಇಂದಿಗೂ ಬಂದಿಲ್ಲ. ಆದರೂ ಆತ ಬರೆದದ್ದು ಕೊಡುವವರ ಎತ್ತರದಿಂದ.

ಜಿ. ಡಬ್ಲ್ಯು. ಪೀಟರ್‌ಮನ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ಈ ಹಿನ್ನೆಲೆಯಲ್ಲಿ ಫಿಲಿಪ್ಪಿಯರ ಪತ್ರವನ್ನು ಓದಿ, ಬಾಯ್ಮಾತಿನ ಕೃತಜ್ಞತೆಯ ಅಭಾವ ಅಂದಿನವರಿಗೆ ಒರಟುತನವೆಂದು ತೋರುತ್ತಿರಲಿಲ್ಲವೆಂದು ಸ್ಥಾಪಿಸಿತು. ಆಪ್ತರ ನಡುವೆ ಆ ಮಾತು ಬೇಕಿರಲಿಲ್ಲ. ಕ್ರಿ.ಶ. 58ರ ಈಜಿಪ್ಟಿನ ಒಂದು ಪಪೈರಸ್ ಕಾಗದ ಇದಕ್ಕೆ ಸಾಕ್ಷಿ: ಖೈರಾಸ್ ಎಂಬಾತ ವೈದ್ಯಮಿತ್ರನಿಗೆ ಬರೆಯುತ್ತಾ, ಮಾತಿನಲ್ಲಿ ಕೃತಜ್ಞತೆ ಹೇಳಬೇಕಾದದ್ದು ಸ್ನೇಹಿತರಲ್ಲದವರಿಗೆ, ಆದ್ದರಿಂದ ನಿನಗೆ ಹೇಳುವುದಿಲ್ಲ ಎಂಬ ಅಭಿಪ್ರಾಯವನ್ನು ತಿಳಿಸುತ್ತಾನೆ. ಕನ್ನಡ ಮನೆಗಳಲ್ಲಿ ಬೆಳೆದ ನಮಗೆ ಇದು ಹೊಸತಲ್ಲ. ಉಣಬಡಿಸಿದ ತಾಯಿಗೆ ‘ಧನ್ಯವಾದ’ ಎಂದರೆ ಆಕೆ ನಗುತ್ತಾಳೆ, ಇಲ್ಲವೇ ನೊಂದುಕೊಳ್ಳುತ್ತಾಳೆ. ಆ ಪದ ವೇದಿಕೆಯ ಮೇಲಿನ ವಂದನಾರ್ಪಣೆಗೆ ಸೇರಿದ್ದು, ಅಡುಗೆಮನೆಗಲ್ಲ.

ಪೀಟರ್‌ಮನ್ನರ ಸಾಧನೆಯನ್ನು ಒಪ್ಪಿಯೂ ಒಂದು ಆಕ್ಷೇಪ ಎತ್ತಬೇಕಾಗಿದೆ. ಸಾಮಾಜಿಕ ಶಿಷ್ಟಾಚಾರವೊಂದರಿಂದಲೇ ಈ ಭಾಗವನ್ನು ವಿವರಿಸಿದರೆ ಅದರ ನಡುವೆ ಇರುವ ವ್ಯಾಪಾರದ ಪದಗಳ ಗುಂಪು ಏಕೆ ಬಂತೆಂಬುದು ತೃಪ್ತಿಕರವಾಗಿ ತಿಳಿಯುವುದಿಲ್ಲ. 15ನೆಯ ವಚನದಲ್ಲಿ ಕೊಡು–ಕೊಳ್ಳುವಿಕೆಯ ಲೆಕ್ಕ ಎಂಬ ಮಾತಿದೆ. ನಮ್ಮ ಹಳೆಯ ಅಂಗಡಿಗಳ ಭಾಷೆಯಲ್ಲಿ ಜಮಾಖರ್ಚು. 17ರಲ್ಲಿ ನಿಮ್ಮ ಖಾತೆಗೆ ಸೇರಿ ಬೆಳೆಯುವ ಫಲ ಎಂಬ ಮಾತಿದೆ. 18ರಲ್ಲಿ ‘ಅಪೆಖೊ’ ಎಂಬ ಪದವಿದೆ. ಪಪೈರಸ್ ಮತ್ತು ಬೋಕಿಚೂರುಗಳ ಮೇಲೆ ಉಳಿದುಬಂದಿರುವ ರಸೀದಿಗಳಲ್ಲಿ ಈ ಪದ ಹೇರಳವಾಗಿ ದೊರೆಯುತ್ತದೆಂದು ಕಳೆದ ಶತಮಾನದ ಆರಂಭದಲ್ಲಿಯೇ ಅಡಾಲ್ಫ್ ಡೈಸ್‌ಮನ್ ತೋರಿಸಿದ್ದರು. ‘ಪೂರ್ತಿ ಸಂದಿದೆ’ ಎಂದು ಅದರ ಅರ್ಥ. ಚುಕ್ತಾ. ನನ್ನಲ್ಲಿಗೆ ಬರಬೇಕಾದ ಬಾಕಿ ಏನೂ ಉಳಿದಿಲ್ಲವೆಂದು ಪೌಲರು ಫಿಲಿಪ್ಪಿಯವರಿಗೆ ರಸೀದಿ ಬರೆದುಕೊಡುತ್ತಾರೆ. ಪಡೆದವನೇ ಹೀಗೆ ರಸೀದಿ ಕೊಡುವುದು ಆಶ್ರಯದಾತ–ಆಶ್ರಿತರ ಲೋಕದಲ್ಲಿ ಸಲ್ಲದ ಮಾತು. ಅಲ್ಲಿ ಲೆಕ್ಕ ಎಂದಿಗೂ ಮುಗಿಯದಿರುವುದೇ ವ್ಯವಸ್ಥೆಯ ಜೀವಾಳ.

ಗಮನಿಸಬೇಕಾದ ಸಂಗತಿ, ಇದೇ ಪದ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಮೂರು ಬಾರಿ ಬರುತ್ತದೆ. ತುತ್ತೂರಿ ಊದಿಸಿ ದಾನ ಮಾಡುವವರು, ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರು, ಮುಖ ಬಾಡಿಸಿಕೊಂಡು ಉಪವಾಸ ಮಾಡುವವರು ತಮ್ಮ ಪ್ರತಿಫಲವನ್ನು ಆಗಲೇ ಪೂರ್ತಿಯಾಗಿ ಪಡೆದುಬಿಟ್ಟಿದ್ದಾರೆಂದು ಯೇಸುಸ್ವಾಮಿ ಹೇಳುವುದು ಈ ಪದದಿಂದಲೇ. ದೇವಾಲಯದ ಗೋಡೆಯ ಅಮೃತಶಿಲೆಯ ಮೇಲೆ ದಾನಿಗಳ ಹೆಸರು ಕೆತ್ತಿಸುವಾಗ ನಾವು ಅವರಿಗೆ ಯಾವ ರಸೀದಿಯನ್ನು ಕೊಡುತ್ತಿದ್ದೇವೆ, ಪೌಲರದ್ದೋ ಮತ್ತಾಯನದ್ದೋ ಎಂದು ತರಗತಿಯಲ್ಲಿ ಒಮ್ಮೆ ಕೇಳಿದೆ. ವಿದ್ಯಾರ್ಥಿಗಳು ನಕ್ಕರು. ಮುಂದೆ ದೇವಾಲಯ ಕಟ್ಟಿಸಬೇಕಾಗಿ ಬಂದಾಗ ಅವರಿಗೆ ಈ ನಗು ನೆನಪಾಗಬಹುದು. ಆಗಲೂ ಅವರು ಕೆತ್ತಿಸುತ್ತಾರೆ, ನಾನೂ ಕೆತ್ತಿಸಿದ್ದೇನೆ.

ರಸೀದಿ ಬರೆದ ಅದೇ ವಚನದಲ್ಲಿ, ಉಸಿರು ಬಿಡದೆ, ಪೌಲರು ಬಲಿಪೀಠಕ್ಕೆ ಏರುತ್ತಾರೆ. ಎಪಫ್ರೊದಿತನು ತಂದದ್ದು ಸುಗಂಧ, ದೇವರಿಗೆ ಮೆಚ್ಚುಗೆಯಾದ ಬಲಿ. ನೀವು ನನಗೆ ಕೊಟ್ಟದ್ದು ನನಗೆ ಕೊಟ್ಟದ್ದಲ್ಲ ಎಂಬುದು ಇದರ ಅರ್ಥ. 19ನೆಯ ವಚನದಲ್ಲಿ ಪ್ರತಿಯಾಗಿ ಕೊಡುವ ಹೊಣೆಯನ್ನೂ ಪೌಲರು ತಾವು ಹೊರದೆ ‘ನನ್ನ ದೇವರು’ ಎಂದು ದೇವರ ಹೆಗಲಿಗೆ ದಾಟಿಸುತ್ತಾರೆ. ಇಬ್ಬರ ನಡುವಿನ ಲೆಕ್ಕ ಮೂವರ ನಡುವಿನದಾಗುತ್ತದೆ. ಮೂರನೆಯವರು ದೇವರಾದ್ದರಿಂದ ಅದು ಲೆಕ್ಕವಾಗಿ ಉಳಿಯುವುದೇ ಇಲ್ಲ. ಕೃತಜ್ಞತೆಯ ಪದ ಅಲ್ಲಿ ಏಕಿಲ್ಲವೆಂಬುದು ಈಗ ಅರ್ಥವಾಗುತ್ತದೆ. ಪೌಲರು ಕೃತಘ್ನರಲ್ಲ. ಕೃತಜ್ಞತೆಯನ್ನು ದೇವರಿಗೆ ಸಲ್ಲಿಸಿಯಾಗಿದೆ, 1:3ರಲ್ಲಿಯೇ. ಮನುಷ್ಯರಿಗೆ ಸಲ್ಲಿಸಲು ಉಳಿದದ್ದು ಆನಂದ. ಕೊಟ್ಟವರ ಮುಂದೆ ತಲೆತಗ್ಗಿಸದೆ, ಅವರ ಜೊತೆ ಕುಳಿತು ಸಂತೋಷಪಡುವ ಸ್ವಾತಂತ್ರ್ಯ. ಈ ಪತ್ರದ ಆನಂದ ಪೌಲರ ಹಸನ್ಮುಖ ಸ್ವಭಾವದ ಫಲವೆಂದು ನಾನು ನಂಬುವುದಿಲ್ಲ. ಗಲಾತಿಯರಿಗೆ ಬರೆದ ಪತ್ರವನ್ನು ಓದಿದ ಯಾರೂ ನಂಬಲಾರರು.

ಕೊಟ್ಟವರಾದರೂ ಯಾರು? ಮಕೆದೋನಿಯದ ಧರ್ಮಸಭೆಗಳು ಕಡುಬಡತನದಲ್ಲಿದ್ದವೆಂದು ಪೌಲರೇ ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಆ ಬಡತನವೂ ಅವರ ಆನಂದವೂ ಕೂಡಿ ಔದಾರ್ಯವಾಗಿ ಹರಿಯಿತೆಂದೂ ಹೇಳಿದ್ದಾರೆ. ಅನುಕೂಲಸ್ಥರೂ ಇದ್ದ ಕೊರಿಂಥದಿಂದ ಪೌಲರು ಹಣ ಮುಟ್ಟಲಿಲ್ಲ, ಬಡ ಫಿಲಿಪ್ಪಿಯಿಂದ ಮುಟ್ಟಿದರು. ಯಾರ ಕೈಯಿಂದ ಪಡೆದರೆ ಬಾಯಿ ಕಟ್ಟಿಹೋಗುತ್ತದೆ, ಯಾರ ಕೈಯಿಂದ ಪಡೆದರೆ ಕಟ್ಟಿಹೋಗುವುದಿಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು. ಧರ್ಮಕೇಂದ್ರ ನಡೆಸುವ ಗುರುವಿಗೆ ಇದಕ್ಕಿಂತ ಉಪಯುಕ್ತವಾದ ವಿವೇಕ ಅಪರೂಪ.

‘ಆನಂದದ ಪತ್ರ’ ಎಂಬ ಹೆಸರು ಮರೆಮಾಚುವ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕೊಡುಗೆಯನ್ನು ಹೊತ್ತು ತಂದ ಎಪಫ್ರೊದಿತನು ಸಾಯುವಷ್ಟು ಕಾಯಿಲೆ ಬಿದ್ದ. ಆತ ಸತ್ತಿದ್ದರೆ ತಮಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದು 2:27ರಲ್ಲಿ ಪೌಲರು ಹೇಳುತ್ತಾರೆ. ಎಂದರೆ ಒಂದು ದುಃಖ ಆಗಲೇ ಇತ್ತು. ಮುಂದಿನ ವಚನ ಇನ್ನೂ ಸೂಕ್ಷ್ಮವಾದುದು: ಆತನನ್ನು ಕಳುಹಿಸುತ್ತಿದ್ದೇನೆ, ನೀವು ಆನಂದಪಡುವಿರಿ, ನಾನು... ಇಲ್ಲಿ ಓದುಗ ‘ನಾನೂ ಆನಂದಪಡುವೆ’ ಎಂಬುದನ್ನು ನಿರೀಕ್ಷಿಸುತ್ತಾನೆ. ಪೌಲರು ಬರೆದದ್ದು ತಮ್ಮ ದುಃಖ ಕಡಮೆಯಾಗುವುದೆಂದು ಮಾತ್ರ. ಆನಂದದ ಪ್ರೇಷಿತರು ತಮ್ಮ ಪಾಲಿಗೆ ಇಟ್ಟುಕೊಂಡದ್ದು ‘ಕಡಮೆ ದುಃಖ’ವನ್ನು! ಮೂರನೆಯ ಅಧ್ಯಾಯದಲ್ಲಿ ಅವರು ಅಳುತ್ತಲೇ ಒಂದು ಮಾತು ಹೇಳುತ್ತಾರೆ. ನಾಲ್ಕನೆಯದರಲ್ಲಿ, ಆನಂದಿಸಿರೆಂಬ ಪ್ರಸಿದ್ಧ ಆಜ್ಞೆಗೆ ಎರಡೇ ವಚನ ಮೊದಲು, ಯುವೊದಿಯ ಮತ್ತು ಸಿಂತಿಖೆ ಎಂಬ ಇಬ್ಬರು ಸ್ತ್ರೀಯರ ಜಗಳವಿದೆ. ಎಪಫ್ರೊದಿತನ ಪ್ರಸಂಗ ಭಾನುವಾರದ ವಾಚನಗಳಲ್ಲಿ ಇಲ್ಲ. ವಾರದ ದಿನಗಳ ಕ್ರಮದಲ್ಲಿಯೂ 2:18ರಿಂದ ನೇರವಾಗಿ 3:3ಕ್ಕೆ ಜಿಗಿಯಲಾಗಿದೆ. ದುಃಖವನ್ನು ಸೋಸಿ ತೆಗೆದ ಆನಂದವನ್ನು ಭಕ್ತರಿಗೆ ಬಡಿಸಿದ ಮೇಲೆ ಅದು ಅವರ ಬಾಳಿಗೆ ಒಗ್ಗದಿದ್ದರೆ ತಪ್ಪು ಅವರದಲ್ಲ.

ಈಗ ನಮ್ಮ ಭಾಷೆಯ ವಿಚಾರ. ಗ್ರೀಕಿನಲ್ಲಿ ಕೃಪೆಗೆ ‘ಖರಿಸ್’, ಆನಂದಕ್ಕೆ ‘ಖರಾ’, ಕೃತಜ್ಞತೆಗೆ ‘ಯೂಖರಿಸ್ತಿಯ’. ಮೂರೂ ಒಂದೇ ಬೇರಿನ ಚಿಗುರುಗಳು. ಕೇಳಿದ ಕಿವಿಗೇ ಅವುಗಳ ನಂಟು ತಿಳಿಯುತ್ತಿತ್ತು. ಕನ್ನಡದಲ್ಲಿ ಕೃಪೆ, ಆನಂದ, ಕೃತಜ್ಞತೆ ಎಂದಾಗ ಆ ನಂಟು ಕಡಿದುಹೋಗುತ್ತದೆ. ಆನಂದವು ಮನಸ್ಸಿನ ಒಂದು ಸ್ಥಿತಿಯಾಗಿ, ಕೃತಜ್ಞತೆಯು ಒಂದು ಕರ್ತವ್ಯವಾಗಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಅನುವಾದಕರನ್ನು ದೂರಿ ಪ್ರಯೋಜನವಿಲ್ಲ. ‘ಕೃತಜ್ಞತೆ’ ಸ್ವತಃ ಒಳ್ಳೆಯ ಪದ: ಮಾಡಿದ್ದನ್ನು ಅರಿತಿರುವುದು ಎಂದಷ್ಟೇ ಅದರ ಮೂಲಾರ್ಥ. ಅರಿವಿನ ಮಾತು ಅದು, ತೀರಿಸುವ ಮಾತಲ್ಲ. ಆದರೆ ಜನರ ಬಾಯಲ್ಲಿ ಆ ಪದವಿಲ್ಲ. ಅವರ ಬಾಯಲ್ಲಿರುವುದು ‘ಋಣ’. ಅನ್ನದ ಋಣ, ಉಪ್ಪಿನ ಋಣ, ಮಣ್ಣಿನ ಋಣ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆಯಲ್ಲಿ ಒಂದು ಉದಾತ್ತತೆಯಿದೆ, ನಿಜ. ಆದರೆ ಉಣ್ಣಿಸಿದವನು ಯಾರು, ಆ ಅನ್ನ ಯಾರ ಬೆವರಿನಿಂದ ಬಂತು ಎಂದು ಕೇಳಲು ಆ ಗಾದೆ ಬಿಡುವುದಿಲ್ಲ. ಜೀತಪದ್ಧತಿಯು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ನೀತಿಯೇ ಅದು. ‘ಕೃತಜ್ಞರಾಗಿರಿ’ ಎಂದು ನಾನು ಬಲಿಪೀಠದ ಪಕ್ಕದಿಂದ ಹೇಳಿದಾಗ ಆ ತಾಯಿಯ ಕಿವಿಗೆ ಬಿದ್ದದ್ದು ‘ಋಣಿಯಾಗಿರಿ’ ಎಂದು.

ಕನ್ನಡ ಕಥೋಲಿಕರಿಗೆ ಇನ್ನೊಂದು ಪದವೂ ಇದೆ, ಅದರ ಬೆಲೆಯನ್ನು ನಾವು ಸಾಕಷ್ಟು ಅರಿತಿಲ್ಲ. ಗ್ರೀಕರು ‘ಕೃತಜ್ಞತೆ’ ಎಂದು ಕರೆದ ಸಂಸ್ಕಾರವನ್ನು ನಾವು ‘ಪರಮಪ್ರಸಾದ’ ಎನ್ನುತ್ತೇವೆ. ಅನುವಾದವಾಗಿ ನೋಡಿದರೆ ಇದು ತಪ್ಪು: ಒಂದು ನಾವು ಸಲ್ಲಿಸುವುದನ್ನು ಹೇಳುತ್ತದೆ, ಇನ್ನೊಂದು ನಾವು ಪಡೆಯುವುದನ್ನು. ಆದರೆ ‘ಪ್ರಸಾದ’ ಎಂಬ ಪದದ ಬೇರು ‘ಪ್ರಸನ್ನತೆ’ಯ ಬೇರೇ ಆಗಿದೆ. ಕದಡಿದ ನೀರು ತಿಳಿಯಾಗುವುದು, ಮುಖ ತಿಳಿಯಾಗುವುದು, ಒಡೆಯನ ಅನುಗ್ರಹ, ಆ ಅನುಗ್ರಹದಿಂದ ಕೈಗೆ ಬಂದ ತುತ್ತು, ಎಲ್ಲವೂ ಅದರಲ್ಲಿ ಅಡಗಿವೆ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಅದು ಮನಸ್ಸಿನ ತಿಳಿತನ. ಶರಣರ ಷಟ್‌ಸ್ಥಲದಲ್ಲಿ ‘ಪ್ರಸಾದಿ’ ಎಂಬುದೊಂದು ಸ್ಥಲ. ಖರಿಸ್ ಮತ್ತು ಖರಾ ಒಂದೇ ಬೇರಿನವೆಂಬುದನ್ನು ತೋರಿಸಬಲ್ಲ ಕನ್ನಡ ಜೋಡಿ ಯಾವುದಾದರೂ ಇದ್ದರೆ ಅದು ಪ್ರಸಾದ ಮತ್ತು ಪ್ರಸನ್ನತೆ. ಇದಕ್ಕಿಂತ ಮುಖ್ಯವಾಗಿ, ಪ್ರಸಾದದ ಲೆಕ್ಕ ಯಾರೂ ಬರೆದಿಡುವುದಿಲ್ಲ. ಕೈ ಚಾಚಿದವನಿಗೆ ಅದು ಸಲ್ಲುತ್ತದೆ, ಸಾಲವಾಗುವುದಿಲ್ಲ. ಪ್ರಸಾದವನ್ನೂ ಪಂಕ್ತಿಭೇದ ಮಾಡಿ ಹಂಚಿದ ಚರಿತ್ರೆ ಈ ನೆಲಕ್ಕಿದೆ. ಪ್ರಭುವಿನ ಭೋಜನದಲ್ಲಿ ಉಳ್ಳವರು ಹೊಟ್ಟೆತುಂಬ ಉಂಡು ಇಲ್ಲದವರನ್ನು ಹಸಿದಿರಿಸಿದ ಚರಿತ್ರೆ ಕೊರಿಂಥಕ್ಕಿದೆ. ಪದಗಳು ತಮ್ಮಷ್ಟಕ್ಕೆ ಯಾರನ್ನೂ ಉದ್ಧರಿಸುವುದಿಲ್ಲ. ಆದರೂ ‘ಋಣ’ದ ಪಕ್ಕದಲ್ಲಿ ‘ಪ್ರಸಾದ’ವನ್ನಿಟ್ಟು ಪ್ರಬೋಧನೆ ಮಾಡಿದ್ದರೆ ಅಂದು ನನ್ನ ಮಾತು ಬೇರೆ ಆಗುತ್ತಿತ್ತು.

ಈ ಬೆಳಕಿನಲ್ಲಿ ಇತ್ತೀಚಿನ ಬೋಧನಾಧಿಕಾರದ ಎರಡು ಪತ್ರಗಳ ಬಗ್ಗೆ ಒಂದೆರಡು ಮಾತು. ತಾಂತ್ರಿಕ ಸಮಾಜ ಸುಖದ ಸಂದರ್ಭಗಳನ್ನು ಹೆಚ್ಚಿಸಿದರೂ ಆನಂದವನ್ನು ಹುಟ್ಟಿಸಲಾರದೆ ಹೋಗಿದೆಯೆಂದು ಆರನೆಯ ಪೌಲರು ಗುರುತಿಸಿದ್ದು ಇಂದಿಗೂ ಸತ್ಯ. ಆದರೆ ಅವರ ಪತ್ರದ ಆನಂದ ಬಹುಮಟ್ಟಿಗೆ ಆಂತರಿಕವಾದುದು. ಕೊಡು–ಕೊಳ್ಳುವಿಕೆಯ ಒರಟು ಲೋಕ ಅದರೊಳಗೆ ಆಳವಾಗಿ ಇಳಿಯುವುದಿಲ್ಲ. 2013ರ ನವೆಂಬರ್ 24ರ ದಿನಾಂಕ ಹೊತ್ತ ವಿಶ್ವಗುರು ಫ್ರಾನ್ಸಿಸರ ‘ಎವಾಂಜೆಲಿಯಿ ಗೌದಿಯುಂ’ ಈ ವಿಷಯದಲ್ಲಿ ಎಷ್ಟೋ ಮುಂದೆ ಹೋಗಿದೆ. ಹೊರದೂಡುವ ಅರ್ಥವ್ಯವಸ್ಥೆಯನ್ನು ಅದು ಹೆಸರು ಹಿಡಿದು ಖಂಡಿಸುತ್ತದೆ. ಆದರೂ ಏಳನೆಯ ಪರಿಚ್ಛೇದದಲ್ಲಿ, ತಾವು ಕಂಡ ಅತಿ ಸುಂದರವಾದ, ಸಹಜವಾದ ಆನಂದ ಏನೂ ಇಲ್ಲದ ಬಡವರದ್ದೆಂದು ವಿಶ್ವಗುರುಗಳು ನೆನೆಯುವಾಗ ನನ್ನ ಮನಸ್ಸು ಕೊಂಚ ಹಿಂಜರಿಯುತ್ತದೆ. ಮಾತು ಸುಳ್ಳಲ್ಲ, ಲೈನು ಮನೆಗಳ ಕ್ರಿಸ್ಮಸ್ ನೋಡಿದವನು ನಾನು. ಆದರೆ ಅದನ್ನು ಹೇಳುವವರು ಯಾರು, ಕೇಳುವವರು ಯಾರು ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ಬಡವರ ಆನಂದ ಬಡವರಲ್ಲದವರ ಪ್ರಬೋಧನೆಗೆ ಅಲಂಕಾರವಾದಾಗ, ಅವರ ದೂರನ್ನು ಕೇಳಬೇಕಾದ ಹೊಣೆ ಹಗುರವಾಗಿಬಿಡುತ್ತದೆ. ಫಿಲಿಪ್ಪಿಯವರ ಆನಂದವನ್ನು ಪೌಲರು ಕೊರಿಂಥಿಯರಿಗೆ ಹೊಗಳಿದ್ದು ಕೊರಿಂಥದವರ ಥೈಲಿ ಬಿಚ್ಚಿಸುವುದಕ್ಕಾಗಿ. ಆ ಸಂದರ್ಭವನ್ನು ಬಿಟ್ಟು ಹೊಗಳಿಕೆಯನ್ನು ಮಾತ್ರ ಉಳಿಸಿಕೊಂಡರೆ ಅದು ಬೇರೆಯೇ ಮಾತಾಗುತ್ತದೆ.

ದೈವಾರಾಧನೆ ಈ ವಿಷಯದಲ್ಲಿ ಪ್ರಬೋಧಕರಿಗಿಂತ ಜಾಣವಾಗಿದೆ. ರೋಮನ್ ಪೂಜಾಗ್ರಂಥದ ನಾಲ್ಕನೆಯ ಸಾಮಾನ್ಯ ಪೂರ್ವಸ್ತುತಿಯ ತಾತ್ಪರ್ಯ ಹೀಗಿದೆ: ದೇವರಿಗೆ ನಮ್ಮ ಸ್ತುತಿಯ ಅಗತ್ಯವಿಲ್ಲ; ನಾವು ಕೃತಜ್ಞತೆ ಸಲ್ಲಿಸುವುದೂ ಅವರದೇ ಕೊಡುಗೆ; ನಮ್ಮ ಸ್ತೋತ್ರ ಅವರನ್ನು ಹೆಚ್ಚಿಸುವುದಿಲ್ಲ, ನಮಗೆ ಜೀವೋದ್ಧಾರವಾಗುತ್ತದೆ. ಲತೀನ್ ಮೂಲದಲ್ಲಿ ‘ಮರುಪಾವತಿ ಮಾಡು’ ಎಂಬರ್ಥದ ಕ್ರಿಯಾಪದವೇ ಇದೆ. ಮರುಪಾವತಿಗೆ ಬೇಕಾದ ಹಣವನ್ನೂ ಸಾಲ ಕೊಟ್ಟವನೇ ಕೊಟ್ಟ ಮೇಲೆ ಅದು ಸಾಲವೇ ಅಲ್ಲ. ಕಾಣಿಕೆಯ ವಿಧಿಯಲ್ಲಿಯೂ ಇದೇ ನಡೆಯುತ್ತದೆ. ‘ಕಾಣಿಕೆ’ ಎಂಬುದು ದೊಡ್ಡವರನ್ನು ಕಾಣಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂಬ ಲೋಕದಿಂದ ಬಂದ ಪದ. ಆ ಕಾಣಿಕೆ ಪೀಠದ ಮೇಲೆ ಸೇರಿ, ಪ್ರಸಾದವಾಗಿ, ತಂದವರ ಕೈಗೇ ಮರಳುತ್ತದೆ. ತರಲು ಏನೂ ಇಲ್ಲದವರ ಕೈಗೂ ಅಷ್ಟೇ ಪ್ರಮಾಣದಲ್ಲಿ.

ಜಾನ್ ಬಾರ್‌ಕ್ಲೇ 2015ರ ತಮ್ಮ ಬೃಹತ್ ಗ್ರಂಥದಲ್ಲಿ ಎಚ್ಚರಿಸಿರುವಂತೆ, ಪೌಲರಲ್ಲಿ ಕೃಪೆ ಯೋಗ್ಯತೆ ನೋಡದೆ ಬರುತ್ತದೆಯೇ ಹೊರತು ಏನನ್ನೂ ಅಪೇಕ್ಷಿಸದೆ ಬರುವುದಿಲ್ಲ. ಒಪ್ಪುವ ಮಾತು. ದೇವರ ಕೊಡುಗೆ ಪಡೆದವರನ್ನು ಬದಲಿಸುತ್ತದೆ. ಆದರೆ ಆ ಅಪೇಕ್ಷೆಯನ್ನು ವಸೂಲಿ ಮಾಡುವ ಅಧಿಕಾರ ಯಾವ ಮನುಷ್ಯನಿಗೂ ವರ್ಗಾವಣೆಯಾಗುವುದಿಲ್ಲ ಎಂಬುದನ್ನು 4:10–20 ಸ್ಪಷ್ಟಪಡಿಸುತ್ತದೆಂದು ನನ್ನ ತಿಳಿವು.

ಈ ಓದಿಗೆ ಒಂದು ಮಿತಿಯಿದೆ, ಅದನ್ನು ಮುಚ್ಚಿಡಲಾರೆ. ಪೌಲರಿಗೆ ಬೇಡವೆನ್ನುವ ಶಕ್ತಿಯಿತ್ತು. ಗುಡಾರ ಕಟ್ಟುವ ಕಸುಬು ಕೈಯಲ್ಲಿತ್ತು, ಕೊರಿಂಥದ ಹಣವನ್ನು ನಿರಾಕರಿಸಿ ಬದುಕಿದರು. ಫಿಲಿಪ್ಪಿಯವರಿಗೆ ‘ಪೂರ್ತಿ ಸಂದಿದೆ’ ಎಂದು ಬರೆಯುವ ಲೇಖನಿ ಅವರ ಕೈಯಲ್ಲಿಯೇ ಇತ್ತು. ಆ ತಾಯಿಯ ಲೆಕ್ಕ ಇದ್ದದ್ದು ತೋಟದ ರೈಟರ ಪುಸ್ತಕದಲ್ಲಿ. ಅದರಲ್ಲಿ ಚುಕ್ತಾ ಎಂದು ಬರೆಯುವ ಲೇಖನಿ ಅವರದಾಗಿರಲಿಲ್ಲ. ಜೀತಕ್ಕೆ ಆಧಾರವಾದ ಸಾಲವನ್ನು ತೀರಿಸುವ ಹೊಣೆಯೇ ಅಳಿದುಹೋಗುತ್ತದೆಂದು ಹೇಳುವ ಕಾನೂನು ಈ ದೇಶದಲ್ಲಿ 1976ರಿಂದ ಇದೆ. ಅವರದು ಆ ಕಾನೂನಿನ ಅರ್ಥದಲ್ಲಿ ಜೀತವಾಗಿತ್ತೋ ಇಲ್ಲವೋ ನಾನು ಹೇಳಲಾರೆ, ಏಕೆಂದರೆ ವಿಚಾರಿಸಲಿಲ್ಲ. ಎಷ್ಟು ಕೊಟ್ಟರು, ಎಷ್ಟು ತೀರಿತು, ಮಗ ಎಷ್ಟನೆಯ ತರಗತಿಯಲ್ಲಿ ಬಿಟ್ಟ ಎಂದು ಕೇಳಲು ಐದು ನಿಮಿಷ ಸಾಕಾಗಿತ್ತು. ಅಂದು ಮಧ್ಯಾಹ್ನ ನನಗೆ ಊಟಕ್ಕೆ ಕರೆ ಬಂದಿದ್ದದ್ದು ಅದೇ ಸಾಹುಕಾರರ ಮನೆಯಿಂದ. ಹೋದೆ, ಉಂಡೆ, ಮೇಲೇಳುವಾಗ ಬಹಳ ಉಪಕಾರವಾಯಿತೆಂದೂ ಹೇಳಿದೆ.